ಇಂದಿನ ಧಮ್ಮ ಚಿಂತನೆ: ಮಗುವನ್ನು ಆ ಶಾಲೆಯಿಂದ ಬಿಡಿಸಬೇಕೆ?

 

ನಮ್ಮ ಬಳಗದ ತಾಯಿಯೊಬ್ಬರು ಕೇಳಿದ್ದಾರೆ: "ಮೇಡಂ, ಮಗಳು ಆರನೇ ಕ್ಲಾಸು. ಹೆಸರಿರುವ ಶಾಲೆ, ಸೀಟು ಸಿಕ್ಕಿದ್ದೇ ಕಷ್ಟದಲ್ಲಿ. ವಾರ ವಾರ ಟೆಸ್ಟು. ಭಾನುವಾರ ಸಂಜೆಯಾದರೆ ಹೊಟ್ಟೆನೋವು ಅಂತ ಮುದುಡಿ ಮಲಗುತ್ತಾಳೆ. ಬಿಡಿಸಿಬಿಡೋಣವೆ, ಇನ್ನೊಂದು ವರ್ಷ ನೋಡೋಣವೆ?" ಶಿಕ್ಷಕಿಯಾದ ನನಗೆ ಈ ಪ್ರಶ್ನೆ ಪ್ರತಿ ವರ್ಷವೂ ಎದುರಾಗುತ್ತದೆ.

ಚೂಳಪಂಥಕನ ಕಥೆ ನಮಗೆಲ್ಲ ಗೊತ್ತು. ಅಣ್ಣ ಮಹಾಪಂಥಕ ಕಲಿಸಿದ ಒಂದೇ ಒಂದು ಗಾಥೆ ನಾಲ್ಕು ತಿಂಗಳಾದರೂ ಅವನ ಬಾಯಿಗೆ ಬರಲಿಲ್ಲ. ಹೊಸ ಸಾಲು ಕಲಿತರೆ ಹಳೆಯದು ಮರೆಯುತ್ತಿತ್ತು. ಹೊರಟುಹೋಗು ಎಂದ ಅಣ್ಣ ಕೆಟ್ಟವನೇನಲ್ಲ, ಸ್ವತಃ ಅರಹಂತ. ಆದರೂ ತಮ್ಮ ಕಲಿಯುವ ದಾರಿ ಅವನಿಗೆ ಕಾಣಲಿಲ್ಲ. ವಿಹಾರ ಬಿಟ್ಟು ಹೊರಟವನನ್ನು ಭಗವಾನ್ ಬುದ್ಧರು ತಡೆದು, ಎಲ್ಲಿಗೆ ಹೊರಟೆ ಎಂದು ವಿಚಾರಿಸಿದರು. ಅದೇ ಗಾಥೆಯನ್ನು ಮತ್ತೆ ಉರುಹೊಡೆ ಎನ್ನಲಿಲ್ಲ, ಮನೆಗೆ ಹೋಗು ಎಂದೂ ಹೇಳಲಿಲ್ಲ. ಶುಭ್ರವಾದ ಬಟ್ಟೆಯ ತುಂಡೊಂದನ್ನು ಕೊಟ್ಟು ಉಜ್ಜುತ್ತಿರು ಎಂದರು. ಉಜ್ಜಿದಂತೆ ಬಟ್ಟೆ ಮಾಸಿತು. ಅನಿತ್ಯ ಅವನಿಗೆ ಕಣ್ಣಾರೆ ಕಂಡಿತು. ಅವನೂ ಅರಹಂತನಾದ.

ಹಾಗಾಗಿ ಮೊದಲು ವಿಚಾರಿಸಬೇಕಾದದ್ದು ದುಃಖದ ಕಾರಣ. ಗಣಿತ ಒಂದೇ ಕಷ್ಟವೋ? ಇಂಗ್ಲಿಷ್ ಪಾಠ ತಲೆಗೆ ಹತ್ತುತ್ತಿಲ್ಲವೋ? ಪಕ್ಕದಲ್ಲಿ ಕೂರುವವರು ಕಾಡುತ್ತಾರೋ? ನಿದ್ದೆ ಸಾಲದೋ? ಇಂಥವು ಶಾಲೆ ಬಿಡಿಸದೆಯೂ ಸರಿಹೋಗಬಹುದು. ಕ್ಲಾಸ್ ಟೀಚರ್ ಜೊತೆ ಕೂತು ಮಾತಾಡಿ. ಆದರೆ ಹೊಡೆತ, ಎಲ್ಲರೆದುರು ಅವಮಾನ ಇದ್ದರೆ ಕಾಯುತ್ತ ಕೂರಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಹೊಟ್ಟೆನೋವನ್ನು ನೆಪ ಎಂದುಕೊಳ್ಳದೆ ಡಾಕ್ಟರಿಗೂ ತೋರಿಸಿ.

ಕಾರಣ ತಿಳಿದ ಮೇಲೆ ನಿರ್ಧಾರ. ಅದಕ್ಕೆ ರಾಹುಲನಿಗೆ ಬುದ್ಧರು ಹೇಳಿದ ಕನ್ನಡಿಯ ಉಪಮೆ ಇದೆ. ಕನ್ನಡಿ ಇರುವುದು ನೋಡಿಕೊಳ್ಳಲಿಕ್ಕೆ. ಹಾಗೆಯೇ ಯಾವ ಕೆಲಸವನ್ನೂ ಮಾಡುವ ಮೊದಲು, ಮಾಡುತ್ತಿರುವಾಗ, ಮಾಡಿದ ಮೇಲೆ, ತನಗೋ ಪರರಿಗೋ ಇದರಿಂದ ನೋವಿದೆಯೇ ಎಂದು ನೋಡಿಕೊಳ್ಳಬೇಕು. ಈ ಮೂರರಲ್ಲಿ ನಡುವಿನದನ್ನು ನಾವು ಮರೆಯುತ್ತೇವೆ. ಫೀಸು ಕಟ್ಟಿಯಾಗಿದೆ, ನೆಂಟರಿಗೆಲ್ಲ ಹೇಳಿಯಾಗಿದೆ, ಇನ್ನು ಹೇಗೆ ಬಿಡಿಸುವುದು ಎನ್ನುತ್ತೇವೆ. ನೋವು ಕಂಡರೆ ನಡುವೆಯೇ ನಿಲ್ಲಿಸು ಎಂಬುದು ಬುದ್ಧರ ಮಾತು. ಕಟ್ಟಿದ ಫೀಸು ನಮ್ಮದು, ಬಾಲ್ಯ ಮಗುವಿನದು. ಮದುವೆಮನೆಯಲ್ಲಿ ಶಾಲೆಯ ಹೆಸರು ಹೇಳಿಕೊಳ್ಳುವ ಆಸೆಯೂ ತೃಷ್ಣೆಯೇ.

ಬಿಡಿಸಿದ ಮೇಲೂ ಕನ್ನಡಿ ಬೇಕು. ಹೊಸ ಶಾಲೆಗೆ ಸೇರಿಸಿ ಕೈತೊಳೆದುಕೊಳ್ಳುವಂತಿಲ್ಲ. ಹಸಿವು, ನಿದ್ದೆ, ನಗು ಮರಳಿದವೇ ಎಂದು ಗಮನಿಸಬೇಕು. "ನೀನು ಸೋತು ಬಂದೆ" ಎಂಬ ಮಾತು ಮನೆಯಲ್ಲಿ ಯಾರ ಬಾಯಲ್ಲೂ ಬರಬಾರದು. ಚೂಳಪಂಥಕ ದಡ್ಡನಾಗಿರಲಿಲ್ಲ, ಅವನಿಗೆ ಬೇಕಾದ ಪಾಠವೇ ಬೇರೆ ಇತ್ತು.

ಇಂದಿನ ಅಭ್ಯಾಸ: ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ ಮಗುವಿನ ಪಕ್ಕ ಕೂರಿ. ಮಾರ್ಕ್ಸ್ ವಿಷಯ ಬೇಡ, ಬುದ್ಧಿಮಾತೂ ಬೇಡ. ಅವಳು ಹೇಳುವುದನ್ನು ಪೂರ್ತಿ ಕೇಳಿ.

ಎಲ್ಲ ಮಕ್ಕಳೂ ಭಯವಿಲ್ಲದೆ ಕಲಿಯಲಿ. ಸಕಲ ಜೀವಿಗಳಿಗೂ ಮಂಗಳವಾಗಲಿ.
ಸಾಧು, ಸಾಧು, ಸಾಧು.