ಅನ್ಯ ನೀರಿನ ಜೀವ: ಮನೆಯ ಮೀನುತೊಟ್ಟಿಯೂ ಗೃಹಸ್ಥನ ಅಹಿಂಸೆಯೂ

ಹಣ ಕೊಟ್ಟು ಕೊಂಡದ್ದು ಕೊಂಡವನದು ಎಂಬುದು ವ್ಯವಹಾರದ ನಿಯಮ. ಕೊಂಡದ್ದು ಜೀವಿಯಾಗಿದ್ದರೆ ಆ ಒಡೆತನ ಎಲ್ಲಿಯವರೆಗೆ ಸಲ್ಲುತ್ತದೆ, ಅದರೊಡನೆ ಯಾವ ಹೊಣೆ ಹೆಗಲೇರುತ್ತದೆ ಎಂಬುದು ಧರ್ಮದ ಪ್ರಶ್ನೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಮನೆಗಳ ಪಡಸಾಲೆಯಲ್ಲಿರುವ ಅಕ್ವೇರಿಯಂ ಈ ಪ್ರಶ್ನೆಯನ್ನು ನೇರವಾಗಿ ಮುಂದಿಡುತ್ತದೆ, ಏಕೆಂದರೆ ನಾಯಿ, ಬೆಕ್ಕು, ದನಗಳು ತಮ್ಮ ಸಂಕಟವನ್ನು ಕೂಗಿ ತಿಳಿಸಬಲ್ಲವು, ಮೀನಿನ ಸಂಕಟ ಮನುಷ್ಯನ ಕಿವಿಗೆ ಬೀಳುವುದಿಲ್ಲ. ಹುಬ್ಬಳ್ಳಿಯಿಂದಲೋ ದಾವಣಗೆರೆಯಿಂದಲೋ ಪ್ಲಾಸ್ಟಿಕ್ ಚೀಲದಲ್ಲಿ ತಂದ ಮೀನನ್ನು ಬಂದ ಕೂಡಲೇ ತೊಟ್ಟಿಗೆ ಸುರಿದು, ಅದು ಒಂದೆರಡು ದಿನಗಳಲ್ಲಿ ಸತ್ತು ತೇಲಿದಾಗ, ಅದರ ಆಯುಷ್ಯವೇ ಅಷ್ಟು ಎಂದು ಮನೆಯವರು ಸಮಾಧಾನ ಪಟ್ಟುಕೊಳ್ಳುವುದುಂಟು. ಆ ಸಮಾಧಾನ ಧರ್ಮಕ್ಕೆ ಒಪ್ಪುವಂಥದೇ ಎಂಬುದು ವಿಚಾರಾರ್ಹ.

ಈ ವಿಚಾರಕ್ಕೆ ಬೇಕಾದ ಚಿಂತನೆ ಹಾವೇರಿ ಜಿಲ್ಲೆಯ ನೆಲಕ್ಕೆ ಸಾವಿರ ವರ್ಷಗಳಿಂದ ಪರಿಚಿತ. ಶಿಗ್ಗಾವಿ ತಾಲ್ಲೂಕಿನ ಬಂಕಾಪುರ ರಾಷ್ಟ್ರಕೂಟರ ಕಾಲದಲ್ಲಿ ಹೆಸರಾಂತ ಜೈನ ಕೇಂದ್ರವಾಗಿತ್ತು. ಗುಣಭದ್ರರ ಉತ್ತರಪುರಾಣಕ್ಕೆ ಕ್ರಿ.ಶ. 898ರಲ್ಲಿ ಪೂಜೆ ಸಂದದ್ದು ಇಲ್ಲಿ, ಗಂಗರ ಅರಸ ಇಮ್ಮಡಿ ಮಾರಸಿಂಹ 974ರ ಸುಮಾರಿಗೆ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟದ್ದೂ ಇಲ್ಲಿಯೇ. ಆ ಪರಂಪರೆಯ ಮೂಲಗ್ರಂಥವಾದ ಉಮಾಸ್ವಾಮಿಯ ತತ್ತ್ವಾರ್ಥಸೂತ್ರದ ಪ್ರಕಾರ ಪ್ರಮಾದದಿಂದ, ಅಂದರೆ ಎಚ್ಚರಗೇಡಿ ನಡೆಯಿಂದ, ಪ್ರಾಣಕ್ಕೆ ಆಗುವ ಹಾನಿಯೇ ಹಿಂಸೆ. ತಿಳಿದುಕೊಳ್ಳಬಹುದಾಗಿದ್ದನ್ನು ತಿಳಿಯದೆ ಮಾಡಿದ ಕೆಲಸವೂ ಈ ನಿರೂಪಣೆಯೊಳಗೆ ಬರುವುದರಿಂದ, ಕೊಲ್ಲುವ ಉದ್ದೇಶವಿರಲಿಲ್ಲ ಎಂದ ಮಾತ್ರಕ್ಕೆ ಹೊಣೆ ಕಳಚಿಹೋಗುವುದಿಲ್ಲ.

ಜೈನ ಗೃಹಸ್ಥರು ನೀರು ಸೋಸುವ ಆಚಾರದಲ್ಲಿ ಈ ತತ್ತ್ವ ಇನ್ನೂ ಸೂಕ್ಷ್ಮವಾಗಿ ಕಾಣುತ್ತದೆ. ಬಾವಿಯಿಂದ ಸೇದಿದ ನೀರನ್ನು ಮಡಿಸಿದ ದಪ್ಪ ಬಟ್ಟೆಯಲ್ಲಿ ಸೋಸಿದ ಮೇಲೆ, ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಿಗಳನ್ನು ಎಲ್ಲೆಂದರಲ್ಲಿ ಚೆಲ್ಲುವಂತಿಲ್ಲ; ಸೋಸಿದ ನೀರಿನಿಂದಲೇ ಆ ಬಟ್ಟೆಯನ್ನು ಜಾಲಿಸಿ, ಆ ನೀರನ್ನು ತಂದ ಬಾವಿಗೇ ಮೆಲ್ಲಗೆ ಇಳಿಸಬೇಕು, ಏಕೆಂದರೆ ಒಂದು ನೀರಿನಲ್ಲಿ ಹುಟ್ಟಿದ ಜೀವ ಇನ್ನೊಂದು ನೀರಿನಲ್ಲಿ ಬದುಕುವುದೆಂಬ ಭರವಸೆಯಿಲ್ಲ. ನೀರುಗಳೆಲ್ಲ ಒಂದೇ ಅಲ್ಲ ಎಂಬ ಈ ತಿಳಿವಳಿಕೆ, ಹೊಸ ಮೀನನ್ನು ತೊಟ್ಟಿಗೆ ಬಿಡುವವನು ಅರಿಯಬೇಕಾದ ಮೊದಲ ಸತ್ಯವೂ ಹೌದು.

ಜೀವಶಾಸ್ತ್ರ ಇದನ್ನೇ ಬೇರೆ ಮಾತಿನಲ್ಲಿ ವಿವರಿಸುತ್ತದೆ. ಸಿಹಿನೀರಿನ ಮೀನಿನ ರಕ್ತದಲ್ಲಿ ಸುತ್ತಲಿನ ನೀರಿಗಿಂತ ಹೆಚ್ಚು ಲವಣವಿರುವುದರಿಂದ ನೀರು ಕಿವಿರುಗಳ ಮೂಲಕ ಸದಾ ಒಳನುಗ್ಗುತ್ತಿರುತ್ತದೆ. ಮೂತ್ರಪಿಂಡ ಅದನ್ನು ಹೊರಹಾಕುತ್ತದೆ, ಕಳೆದುಹೋದ ಲವಣವನ್ನು ಕಿವಿರು ಮತ್ತೆ ಹೀರಿಕೊಳ್ಳುತ್ತದೆ. ಅಂಗಡಿಯ ನೀರಿಗೆ ಹೊಂದಿಕೊಂಡ ಈ ಸಮತೋಲ, ನಿಮಿಷಮಾತ್ರದಲ್ಲಿ ಕೊಳವೆಬಾವಿಯ ಗಡಸು ನೀರಿಗೋ ಕ್ಲೋರಿನ್ ಬೆರೆತ ನಲ್ಲಿ ನೀರಿಗೋ ಮೀನು ಬಿದ್ದಾಗ ಕದಡಿಹೋಗುತ್ತದೆ. ಮೀನು ತನ್ನ ಮೈಯ ಬಿಸಿಯನ್ನು ತಾನೇ ಕಾಪಾಡಿಕೊಳ್ಳಲಾರದ ಜೀವಿಯಾದುದರಿಂದ ನೀರಿನ ಉಷ್ಣತೆಯ ಏಕಾಏಕಿ ಏರಿಳಿತವೂ ಅದಕ್ಕೆ ಆಘಾತವೇ.

ಆದಕಾರಣ ಬಲ್ಲವರು ದೀಪ ಆರಿಸಿ, ಕಟ್ಟು ಬಿಚ್ಚದ ಚೀಲವನ್ನು 15–20 ನಿಮಿಷ ತೊಟ್ಟಿಯ ಮೇಲೆ ತೇಲಿಬಿಟ್ಟು ಉಷ್ಣತೆ ಸಮವಾಗುವವರೆಗೆ ಕಾಯುತ್ತಾರೆ. ಬಳಿಕ ಚೀಲ ಬಿಚ್ಚಿ, ಅರ್ಧ ಗಂಟೆಯ ಅವಧಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ತೊಟ್ಟಿಯ ನೀರು ಬೆರೆಸಿ, ಕೊನೆಗೆ ಮೀನನ್ನು ಮಾತ್ರ ಬಲೆಯಲ್ಲಿ ಎತ್ತಿ ಬಿಡುತ್ತಾರೆ, ಚೀಲದ ನೀರನ್ನು ಹೊರಗೆ ಚೆಲ್ಲುತ್ತಾರೆ. ಆದರೆ ಇಡೀ ದಿನ ಪಯಣಿಸಿ ಬಂದ ಮೀನಿನ ವಿಷಯದಲ್ಲಿ ವಿಳಂಬವೇ ಅಪಾಯ: ಮುಚ್ಚಿದ ಚೀಲದಲ್ಲಿ ಇಂಗಾಲದ ಡೈ ಆಕ್ಸೈಡ್ ತುಂಬಿ ನೀರು ಆಮ್ಲೀಯವಾಗಿರುವುದರಿಂದ, ಮೀನು ವಿಸರ್ಜಿಸಿದ ಅಮೋನಿಯಾ ಅಷ್ಟಾಗಿ ವಿಷವಲ್ಲದ ಅಮೋನಿಯಂ ರೂಪದಲ್ಲಿರುತ್ತದೆ, ಚೀಲ ತೆರೆದು ಆ ಅನಿಲ ಹೊರಹೋದೊಡನೆ ಆಮ್ಲೀಯತೆ ತಗ್ಗಿ, ಅಮೋನಿಯಂ ಮತ್ತೆ ವಿಷಕಾರಿ ಅಮೋನಿಯಾ ಆಗುತ್ತದೆ. ಎಲ್ಲಿ ನಿಧಾನಿಸಬೇಕು, ಎಲ್ಲಿ ತಡಮಾಡಬಾರದು ಎಂದು ಅರಿತು ನಡೆಯುವುದೇ ಅಪ್ರಮಾದ. ಅರಿವಿಲ್ಲದ ಕರುಣೆ ಇಲ್ಲಿ ಜೀವ ಉಳಿಸಲಾರದು. ಈ ಹೊಣೆಗೆ ಹೋಲಿಕೆಯೊಂದು ಇದೇ ಜಿಲ್ಲೆಯಲ್ಲಿದೆ: ರಾಣೆಬೆನ್ನೂರು ತಾಲ್ಲೂಕಿನಲ್ಲಿ ತುಂಗಭದ್ರೆಯ ದಡದಲ್ಲಿರುವ ಚೌಡಯ್ಯದಾನಪುರ 12ನೆಯ ಶತಮಾನದ ಶರಣ ಅಂಬಿಗರ ಚೌಡಯ್ಯನ ನೆನಪಿನ ಊರು. ದಡ ಮುಟ್ಟಿಸುವವರೆಗೆ ಅಂಬಿಗನ ಹೊಣೆ ಹೇಗೆ ತೀರದೋ ಹಾಗೆಯೇ, ಒಂದು ನೀರಿನಿಂದ ಇನ್ನೊಂದು ನೀರಿಗೆ ಜೀವವನ್ನು ದಾಟಿಸುವವನ ಹೊಣೆಯೂ ಅಂಗಡಿಯಲ್ಲಿ ಹಣ ಕೊಟ್ಟಾಗ ಮುಗಿಯುವುದಿಲ್ಲ.

ಈ ಹೊಣೆ ಹೊಸ ಮೀನಿಗಷ್ಟೇ ಸಲ್ಲುವುದಲ್ಲ. ಹೊರಗಿನಿಂದ ಬಂದ ಮೀನಿನ ಮೈಯಲ್ಲಿ ಬಿಳಿಚುಕ್ಕೆ ರೋಗದ ಪರೋಪಜೀವಿ ಕಣ್ಣಿಗೆ ಬೀಳದಂತೆ ಅಡಗಿರಬಹುದಾದ್ದರಿಂದ, ಎರಡರಿಂದ ನಾಲ್ಕು ವಾರ ಅದನ್ನು ಬೇರೆ ತೊಟ್ಟಿಯಲ್ಲಿಟ್ಟು ನೋಡಿಕೊಳ್ಳುವುದು ಮೊದಲೇ ಇದ್ದ ಮೀನುಗಳ ಮೇಲಿನ ದಯೆ. ಅಮೋನಿಯಾವನ್ನು ನೈಟ್ರೈಟ್ ಆಗಿಯೂ ಅನಂತರ ನೈಟ್ರೇಟ್ ಆಗಿಯೂ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ಹೊಸ ತೊಟ್ಟಿಯ ಫಿಲ್ಟರಿನಲ್ಲಿ ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ; ಅದಕ್ಕೆ ಮೊದಲೇ ತೊಟ್ಟಿಯ ತುಂಬ ಮೀನು ಬಿಡುವುದೆಂದರೆ ಅವನ್ನು ಅವುಗಳದೇ ವಿಷದಲ್ಲಿ ಇರಿಸಿದಂತೆ. ಶತಪಥ ಬ್ರಾಹ್ಮಣದ ಮನುವಿನ ಕಥೆಯಲ್ಲಿ, ಕೈತೊಳೆಯುವ ನೀರಿನಲ್ಲಿ ಬಂದ ಪುಟ್ಟ ಮೀನು ತನ್ನನ್ನು ಮೊದಲು ಕೊಡದಲ್ಲಿ, ಬೆಳೆದಂತೆ ಹೊಂಡದಲ್ಲಿ, ಕಡೆಗೆ ಸಮುದ್ರದಲ್ಲಿ ಇರಿಸೆಂದು ಬೇಡುತ್ತದೆ. ಜೀವ ಬೆಳೆದಂತೆ ಅದರ ನೀರನ್ನು ಹಿಗ್ಗಿಸಬೇಕಾದವನು ಪಾಲಕನೇ ಎಂಬ ಅರ್ಥ ಆ ಕಥೆಯಲ್ಲಿ ಅಡಗಿದೆ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಅಹಿಂಸಾಣುವ್ರತದ, ಅಂದರೆ ಗೃಹಸ್ಥನು ಪಾಲಿಸುವ ಅಹಿಂಸಾವ್ರತದ, ಐದು ಅತಿಚಾರಗಳಲ್ಲಿ, ಅಂದರೆ ವ್ರತಕ್ಕೆ ತಗಲುವ ದೋಷಗಳಲ್ಲಿ, ಬಂಧ ಎಂಬುದು ಮೊದಲನೆಯದು. ಜೀವಿಯನ್ನು ಕಟ್ಟಿಹಾಕುವುದೇ ದೋಷವಾದರೆ ಗಾಜಿನ ತೊಟ್ಟಿಯೂ ದೋಷವಲ್ಲವೇ? ಕಟ್ಟುನಿಟ್ಟಿನ ವ್ರತಿಯ ಮಟ್ಟಿಗೆ ಈ ಆಕ್ಷೇಪ ಸರಿಯೇ, ಆತ ಮೀನು ಕೊಳ್ಳದಿರುವುದೇ ಲೇಸು. ಆದರೆ ಈಗಾಗಲೇ ಕೊಂಡ ಮೀನನ್ನು ಪುಣ್ಯಕಾರ್ಯವೆಂದು ಹಾವೇರಿಯ ಹೆಗ್ಗೇರಿ ಕೆರೆಗೋ ತುಂಗಭದ್ರೆಗೋ ಬಿಡುವುದು ಬಿಡುಗಡೆಯಲ್ಲ. ಸಾಕಣೆಯ ಕೊಳದಲ್ಲಿ ಹುಟ್ಟಿದ ಮೀನು ಅಲ್ಲಿ ಸಾಯಬಹುದು, ಇಲ್ಲವೇ ಸಕ್ಕರ್ ಮೀನಿನಂತೆ ಬೇರೂರಿ ಸ್ಥಳೀಯ ಮೀನುಗಳಿಗೆ ಕುತ್ತಾಗಬಹುದು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 3ನೆಯ ಕಲಮು ಪ್ರಾಣಿಯನ್ನು ತನ್ನ ವಶದಲ್ಲಿಟ್ಟುಕೊಂಡ ಪ್ರತಿಯೊಬ್ಬನೂ ಅದರ ಕ್ಷೇಮಕ್ಕೆ ಬೇಕಾದ ಎಲ್ಲ ಯುಕ್ತ ಕ್ರಮಗಳನ್ನು ಕೈಗೊಳ್ಳಬೇಕೆಂದು ವಿಧಿಸುತ್ತದೆ. ಧರ್ಮ ಹೇಳುವುದೂ ಅದನ್ನೇ. ಆಯುಷ್ಯವೇ ಅಷ್ಟು ಎಂಬ ಮಾತು ಎಲ್ಲ ಯತ್ನ ಮುಗಿದ ಮೇಲೆ ಆಡಬಹುದಾದದ್ದು, ಯತ್ನವನ್ನೇ ಮಾಡದವನಿಗೆ ಸಲ್ಲುವಂಥದಲ್ಲ. ಹೊಸ ಮೀನು ತರಲು ಹೊರಡುವ ಗೃಹಸ್ಥ ಮೊದಲು ತೊಟ್ಟಿಯ ನೀರನ್ನು ಹದಗೊಳಿಸಲಿ, ಪ್ರತ್ಯೇಕವಾಗಿ ಇಡಲು ಇನ್ನೊಂದು ಪಾತ್ರೆಯನ್ನು ಅಣಿಮಾಡಲಿ, ತಂದ ದಿನ ಒಂದು ಗಂಟೆಯ ಬಿಡುವು ಇಟ್ಟುಕೊಳ್ಳಲಿ; ಈ ಮೂರೂ ಆಗದಿದ್ದರೆ ಕೊಳ್ಳುವುದನ್ನೇ ಮುಂದಕ್ಕೆ ಹಾಕಲಿ.