ಮೂವತ್ತು ತುಂಬಿದವರ ಹೆಗಲು

ಪ್ರಭುವಿನ ಸ್ನಾನದೀಕ್ಷೆಯ ಹಬ್ಬ, ಜನವರಿ 12, 2025
ಶುಭಸಂದೇಶ: ಲೂಕ 3:15-16, 21-22



ಈ ಭಾನುವಾರದೊಂದಿಗೆ ಕ್ರಿಸ್ತ ಜಯಂತಿಯ ಕಾಲ ಮುಗಿಯುತ್ತದೆ. ಗೋದಲಿಯನ್ನು ಬಿಚ್ಚುತ್ತೇವೆ, ಬಾಲಯೇಸುವಿನ ಪ್ರತಿಮೆಯನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಡುತ್ತೇವೆ. ಹೋದ ವಾರ ಜ್ಞಾನಿಗಳು ಬಂದು ಆರಾಧಿಸಿದ ಆ ಮಗು ಈ ವಾರ ಬೆಳೆದ ಗಂಡಸಾಗಿ ಜೋರ್ಡನ್ ನದಿಯಲ್ಲಿ ನಿಂತಿದೆ. ನಡುವೆ ಎಷ್ಟು ವರ್ಷ ಕಳೆದವು? ಇಂದು ಓದಿದ ಪಾಠ 22ನೇ ವಾಕ್ಯಕ್ಕೆ ನಿಲ್ಲುತ್ತದೆ. ಮನೆಗೆ ಹೋದ ಮೇಲೆ ಬೈಬಲ್ ತೆರೆದು ಅದರ ಮುಂದಿನ ವಾಕ್ಯವನ್ನೂ ಓದಿ. ಯೇಸುಸ್ವಾಮಿ ತಮ್ಮ ಕಾರ್ಯವನ್ನು ಆರಂಭಿಸಿದಾಗ ಅವರಿಗೆ ಸುಮಾರು ಮೂವತ್ತು ವರ್ಷ ಎಂದು ಅಲ್ಲಿದೆ. ನಾಲ್ವರು ಶುಭಸಂದೇಶಕಾರರಲ್ಲಿ ಈ ವಯಸ್ಸನ್ನು ಹೇಳುವವರು ಸಂತ ಲೂಕರೊಬ್ಬರೇ.

1995ರಲ್ಲಿ ಹುಟ್ಟಿದವರಿಗೆ 2025ರಲ್ಲಿ ಮೂವತ್ತು ತುಂಬುತ್ತದೆ. ಅವರಿಗಾಗಿ, ಅವರ ತಂದೆತಾಯಿಗಳಿಗಾಗಿ, ಅವರೊಂದಿಗೆ ಒಂದೇ ಬೆಂಚಿನಲ್ಲಿ ಕೂರುವ ನಮ್ಮೆಲ್ಲರಿಗಾಗಿ ಈ ಪ್ರಬೋಧನೆ.

ಮೂವತ್ತು ಒಂದು ವಿಚಿತ್ರವಾದ ವಯಸ್ಸು. ಮೈದಾನದ ಹುಡುಗರು ನಿನ್ನೆಯವರೆಗೆ "ಅಣ್ಣಾ, ಬಾಲ್ ಎಸೀರಿ" ಎನ್ನುತ್ತಿದ್ದರು, ಇವತ್ತು "ಅಂಕಲ್" ಎನ್ನುತ್ತಾರೆ. ಅಂಗಡಿಯ ಹುಡುಗಿಯ ಬಾಯಲ್ಲಿ "ಅಕ್ಕಾ" ಹೋಗಿ "ಆಂಟಿ" ಬಂದಿದೆ. ಕೇಳಿ ನಗುತ್ತೇವೆ, ಮನೆಗೆ ಬಂದು ಕನ್ನಡಿ ನೋಡಿಕೊಳ್ಳುತ್ತೇವೆ. ಲೆಕ್ಕದ ಪುಸ್ತಕಗಳೂ ಇದನ್ನೇ ಹೇಳುತ್ತವೆ. ಭಾರತ ಸರ್ಕಾರದ 2014ರ ರಾಷ್ಟ್ರೀಯ ಯುವ ನೀತಿ 15ರಿಂದ 29 ವರ್ಷದವರನ್ನು ಯುವಜನರೆಂದು ಎಣಿಸಿತು. ಯುವಜನರ ಕುರಿತು 2018ರಲ್ಲಿ ರೋಮಿನಲ್ಲಿ ನಡೆದ ಧರ್ಮಾಧ್ಯಕ್ಷರ ಸಿನೋಡಿನ ಸಿದ್ಧತಾ ದಾಖಲೆಯೂ 16ರಿಂದ 29 ಎಂದೇ ಬರೆಯಿತು. ಸರ್ಕಾರದ ಲೆಕ್ಕಕ್ಕೂ ಧರ್ಮಸಭೆಯ ಲೆಕ್ಕಕ್ಕೂ ಮೂವತ್ತು ಎಂದರೆ ಹೊಸ್ತಿಲ ಆಚೆ.

ಇದರಲ್ಲಿ ಸಂತೋಷವೇ ಇಲ್ಲವೆಂದಲ್ಲ. ಇಪ್ಪತ್ತರ ತಳಮಳ ಇಳಿದಿರುತ್ತದೆ. ಯಾರು ಸ್ನೇಹಿತರು, ಯಾರು ಬರೀ ಪರಿಚಯದವರು ಎಂಬುದು ತಿಳಿದಿರುತ್ತದೆ. ಒಂದು ಮಾತಿಗೆ ಮನೆಯಲ್ಲಿ ಬೆಲೆ ಬಂದಿರುತ್ತದೆ. ಆದರೆ ಅದರ ಜೊತೆಗೆ ಇನ್ನೊಂದು ಲೆಕ್ಕ ರಾತ್ರಿ ಹೊತ್ತು ತಲೆಯಲ್ಲಿ ಓಡುತ್ತದೆ. ಜೊತೆಯಲ್ಲಿ ಓದಿದವನು ಮನೆ ಕಟ್ಟಿದ, ನನ್ನದು ಇನ್ನೂ ಬಾಡಿಗೆ. ಹೊಸೂರಿನ ಕಾರ್ಖಾನೆಯಲ್ಲಿ ಶಿಫ್ಟ್ ಮೇಲೆ ಶಿಫ್ಟ್ ಮಾಡಿದ್ದೇನೆ, ಇನ್ನೂ ಕಾಂಟ್ರಾಕ್ಟ್ ಕೆಲಸವೇ. ತಂಗಿಗೆ ಮದುವೆಯಾಯಿತು, ನನಗೆ ಆಗಲಿಲ್ಲ. ಮದುವೆಯಾಯಿತು, ಮಡಿಲು ತುಂಬಲಿಲ್ಲ. ಹೊತ್ತು ಮೀರಿತೇನೋ ಎಂಬ ಭಯ.

ಈ ಭಯ ಅವಿಶ್ವಾಸಿಗಳಿಗೆ ಮಾತ್ರ ಬರುವುದೆಂದು ತಿಳಿಯಬೇಡಿ. ಸಂತ ಆಗಸ್ಟೀನರು ತಮ್ಮ ನಿವೇದನೆಗಳ ಗ್ರಂಥದಲ್ಲಿ ಮೂವತ್ತರ ಹೊಸ್ತಿಲಿಗೆ ಬಂದ ದಿನಗಳನ್ನು ನೆನೆದು ನೊಂದುಕೊಳ್ಳುತ್ತಾರೆ. ಹತ್ತೊಂಬತ್ತರಲ್ಲಿ ಹುಡುಕಲು ಹೊರಟ ಜ್ಞಾನ ಆಗಲೂ ಕೈಗೆ ಸಿಕ್ಕಿರಲಿಲ್ಲ, ಕಾಲು ಅದೇ ಕೆಸರಿನಲ್ಲಿತ್ತು, ನಾಳೆ ನಾಳೆ ಎಂದು ಮುಂದೂಡುವುದೂ ನಿಂತಿರಲಿಲ್ಲ. 387ರ ಪಾಸ್ಖದ ರಾತ್ರಿ ಮಿಲಾನಿನಲ್ಲಿ ಸಂತ ಅಂಬ್ರೋಸರ ಕೈಯಿಂದ ಸ್ನಾನದೀಕ್ಷೆ ಪಡೆದಾಗ ಅವರಿಗೆ 32 ವರ್ಷ.

ಹಾಗಾದರೆ ಮೂವತ್ತು ತುಂಬಿದವರಿಗೆ ಇಂದಿನ ಹಬ್ಬ ಏನು ಹೇಳುತ್ತದೆ?

ಮೊದಲನೆಯದು: ದೇವರ ಮೆಚ್ಚಿಕೆ ಕೆಲಸಕ್ಕಿಂತ ಮುಂಚೆ ಬರುತ್ತದೆ. ವಾಕ್ಯಗಳ ಕ್ರಮವನ್ನು ಗಮನಿಸಿ. 22ನೇ ವಾಕ್ಯದಲ್ಲಿ ಸ್ವರ್ಗದಿಂದ ಧ್ವನಿ ಕೇಳಿಬರುತ್ತದೆ. ಯೇಸು ತಮ್ಮ ಪ್ರಿಯ ಪುತ್ರರೆಂದೂ ಅವರನ್ನು ತಾವು ಮೆಚ್ಚಿರುವುದಾಗಿಯೂ ಪಿತದೇವರು ಸಾರುತ್ತಾರೆ. ಕೆಲಸ ಆರಂಭವಾಗುವುದು 23ನೇ ವಾಕ್ಯದಲ್ಲಿ. ಆ ಧ್ವನಿ ಕೇಳಿದ ದಿನ ಯೇಸುಸ್ವಾಮಿ ಒಬ್ಬ ಕುಷ್ಠರೋಗಿಯನ್ನೂ ಗುಣಪಡಿಸಿರಲಿಲ್ಲ, ಒಬ್ಬ ಶಿಷ್ಯನನ್ನೂ ಕರೆದಿರಲಿಲ್ಲ. ನಜರೇತಿನವರ ಕಣ್ಣಿಗೆ ಅವರು ಊರಿನ ಬಡಗಿ. ಮೂವತ್ತಾದರೂ ಮದುವೆಯಿಲ್ಲ, ಸ್ವಂತದ್ದೆನ್ನುವ ಮನೆಯಿಲ್ಲ. ಬಾವಿಯ ಬಳಿ ನೆರೆಹೊರೆಯ ಹೆಂಗಸರು ಮಾತೆ ಮರಿಯಮ್ಮನವರನ್ನು ಏನೇನು ಕೇಳಿರಲಿಕ್ಕಿಲ್ಲ? ಲೋಕ ಲೆಕ್ಕ ಹಾಕುವ ಯಾವುದೂ ಕೈಯಲ್ಲಿಲ್ಲದ ಆ ವಯಸ್ಸಿನಲ್ಲಿಯೇ ತಂದೆ ತಮ್ಮ ಮಗನನ್ನು ಮೆಚ್ಚಿದ್ದರು. ನಿಮ್ಮ ಸ್ನಾನದೀಕ್ಷೆಯ ದಿನ ನಿಮ್ಮನ್ನೂ ತಮ್ಮ ಮಕ್ಕಳೆಂದು ಕರೆದರು. ಮೂವತ್ತು ತುಂಬಿತೆಂದು ಆ ಮಾತನ್ನು ಅವರು ಹಿಂದಕ್ಕೆ ತೆಗೆದುಕೊಂಡಿಲ್ಲ.

ಎರಡನೆಯದು: ಕಳೆದ ವರ್ಷಗಳು ದೇವರ ಕೈಯಿಂದ ಜಾರಿ ಹೋಗಿಲ್ಲ. ಆದಿಕಾಂಡದ ಜೋಸೆಫನನ್ನು ನೆನಪಿಸಿಕೊಳ್ಳಿ. ಅವನ ಕಥೆ ಶುರುವಾಗುವಾಗ ಅವನಿಗೆ ಹದಿನೇಳು. ಕಣ್ತುಂಬ ಕನಸು, ಮೈಮೇಲೆ ತಂದೆ ಕೊಟ್ಟ ಚಂದದ ಅಂಗಿ. ಅಣ್ಣಂದಿರು ಬಾವಿಗೆ ಹಾಕಿದರು, ಮಾರಿದರು. ಫರೋಹನ ಎದುರು ನಿಂತಾಗ ಅವನಿಗೆ ಮೂವತ್ತು ಎಂದು 41ನೇ ಅಧ್ಯಾಯ ಹೇಳುತ್ತದೆ. ನಡುವಿನ ಹದಿಮೂರು ವರ್ಷ ಎಲ್ಲಿ ಹೋದವು? ಗುಲಾಮಗಿರಿಯಲ್ಲಿ, ಮಾಡದ ತಪ್ಪಿಗೆ ಸೆರೆಮನೆಯಲ್ಲಿ. ಇಪ್ಪತ್ತರಿಂದ ಮೂವತ್ತರವರೆಗಿನ ಪ್ರಾಯ, ನಾವು ಜೀವನದ ಸೊಗಸು ಎನ್ನುವ ಕಾಲ, ಅವನಿಗೆ ಸಿಗಲೇ ಇಲ್ಲ. ಆ ವರ್ಷಗಳನ್ನು ದೇವರು ಅವನಿಗೆ ತಿರುಗಿ ಕೊಟ್ಟರೆಂದು ಬೈಬಲ್ ಹೇಳುವುದಿಲ್ಲ. ಆದರೆ ಪರರ ಮನೆಯ ಲೆಕ್ಕ ನೋಡುವುದನ್ನು, ಸೆರೆಯಲ್ಲಿರುವವರ ದುಃಖ ವಿಚಾರಿಸುವುದನ್ನು ಅವನು ಕಲಿತದ್ದು ಅಲ್ಲೇ. ಬರಗಾಲ ಬಂದಾಗ ಒಂದು ದೇಶಕ್ಕೆ ಅನ್ನ ಹಾಕಿದ್ದು ಅಲ್ಲಿ ಕಲಿತ ಕೈ. ಸಾಲ ತೀರಿಸುವುದರಲ್ಲಿ, ಕಾಯಿಲೆಯ ತಂದೆಯನ್ನು ನೋಡಿಕೊಳ್ಳುವುದರಲ್ಲಿ ಇಪ್ಪತ್ತರ ಹರೆಯ ಕಳೆದವರು ನಮ್ಮಲ್ಲಿ ಇದ್ದಾರೆ. ಆ ವರ್ಷಗಳು ನಷ್ಟವೇ ಆಗಿರಬಹುದು. ಆದರೆ ವ್ಯರ್ಥವಲ್ಲ.

ಮೂರನೆಯದು: ಮೂವತ್ತು ಹೆಗಲಿನ ವಯಸ್ಸು. ಸಂಖ್ಯಾಕಾಂಡದ 4ನೇ ಅಧ್ಯಾಯವನ್ನು ನಾವು ಸಾಮಾನ್ಯವಾಗಿ ಓದದೆ ದಾಟಿಬಿಡುತ್ತೇವೆ, ಬರೀ ಹೆಸರು, ಎಣಿಕೆ ಎಂದು. ಅಲ್ಲಿ ದೇವರು ಮೋಶೆಗೆ ಲೇವಿಯರ ಪಟ್ಟಿ ಮಾಡಲು ಹೇಳುತ್ತಾರೆ. ಯಾರ ಪಟ್ಟಿ? ಮೂವತ್ತರಿಂದ ಐವತ್ತು ವರ್ಷದವರದು. ಮರುಭೂಮಿಯಲ್ಲಿ ಜನ ಹೊರಟಾಗಲೆಲ್ಲ ದೇವದರ್ಶನದ ಗುಡಾರವನ್ನು ಬಿಚ್ಚಿ ಸಾಗಿಸುವುದು ಅವರ ಕೆಲಸ. ಪರದೆಗಳು ಗೇರ್ಷೋನ್ಯರ ಪಾಲಿಗೆ, ಚೌಕಟ್ಟು, ಕಂಬ, ಗೂಟ, ಹಗ್ಗ ಮೆರಾರೀಯರ ಪಾಲಿಗೆ. ಅವರಿಗೆ ಬಂಡಿ, ಎತ್ತುಗಳನ್ನು ಕೊಟ್ಟರು. ಆದರೆ ಒಡಂಬಡಿಕೆಯ ಮಂಜೂಷವನ್ನೂ ಪವಿತ್ರ ವಸ್ತುಗಳನ್ನೂ ಹೊರುವ ಕೆಹಾತ್ಯರಿಗೆ ಬಂಡಿ ಕೊಡಲಿಲ್ಲ. ಅವನ್ನು ಹೆಗಲ ಮೇಲೆಯೇ ಹೊರಬೇಕಿತ್ತು.

ಸರ್ಕಾರದ ಪಟ್ಟಿ ಮೂವತ್ತಕ್ಕೆ ಹೆಸರು ತೆಗೆಯುತ್ತದೆ, ದೇವರ ಪಟ್ಟಿ ಮೂವತ್ತಕ್ಕೆ ಹೆಸರು ಬರೆದುಕೊಳ್ಳುತ್ತದೆ. ಅಲ್ಲಿಯವರೆಗೆ ಇತರರು ನಮ್ಮನ್ನು ಹೊತ್ತಿದ್ದರು, ಇನ್ನು ಮುಂದೆ ಪವಿತ್ರವಾದದ್ದೊಂದನ್ನು ನಾವು ಹೊರಬೇಕು. ಮೂವತ್ತರ ದುಃಖಕ್ಕೆ ನಿಜವಾದ ಔಷಧಿ ಎಳೆಯವರಂತೆ ಕಾಣುವುದಲ್ಲ, ಹೊರಲು ತಕ್ಕದ್ದೊಂದನ್ನು ಹೆಗಲಿಗೆ ತೆಗೆದುಕೊಳ್ಳುವುದು.

ಇಲ್ಲಿ ಒಂದು ಮಾತು ನಿಧಾನವಾಗಿ ಹೇಳಬೇಕು. ಹದಿನೆಂಟಕ್ಕೇ ಹೆಗಲು ಸವೆದವರೂ ಇದ್ದಾರೆ. ಮನೆಯ ಹಿರಿಮಗಳು. ತಮ್ಮನ ಫೀಸು, ಅಪ್ಪನ ಮಾತ್ರೆ, ಚೀಟಿಯ ಕಂತು ಎಲ್ಲವೂ ಅವಳ ಸಂಬಳದಲ್ಲೇ. ಅವಳ ಮದುವೆಯ ಮಾತು ಬಂದಾಗ ಮನೆಯವರು "ಇನ್ನೊಂದು ವರ್ಷ ಹೋಗಲಿ" ಎನ್ನುತ್ತಾರೆ. ಹಾಗೆನ್ನುತ್ತಲೇ ಮೂವತ್ತಾಯಿತು. ಅಂಥವರಿಗೆ ಇನ್ನೊಂದು ಹೊರೆ ಕಟ್ಟಲು ಈ ಪಾಠ ಬಂದಿಲ್ಲ. ಅದೇ 4ನೇ ಅಧ್ಯಾಯ ಇನ್ನೊಂದು ವಿಷಯ ಹೇಳುತ್ತದೆ: ಯಾರು ಏನನ್ನು ಹೊರಬೇಕೆಂಬುದನ್ನು ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ನೇಮಿಸಬೇಕು. ಎಣಿಸಿದಾಗ ಒಟ್ಟು 8,580 ಹೆಗಲುಗಳಿದ್ದವು. ಇಡೀ ಗುಡಾರವನ್ನು ಒಬ್ಬನೇ ಹೊರುವಂತೆ ದೇವರು ಯಾರಿಗೂ ಆಜ್ಞಾಪಿಸಲಿಲ್ಲ. ಐವತ್ತಕ್ಕೆ ಇಳಿಸಿಬಿಡಲೂ ಹೇಳಿದರು. ಆದ್ದರಿಂದ ಆ ಮನೆಗಳ ತಂದೆತಾಯಿಗಳಿಗೆ ಹೇಳುತ್ತೇನೆ: ನಿಮ್ಮ ಮಗಳ ಹೆಗಲ ಮೇಲಿನದರಲ್ಲಿ ಅವಳ ಪಾಲು ಎಷ್ಟು, ನಿಮ್ಮದೂ ಅವಳ ತಮ್ಮಂದಿರದೂ ಎಷ್ಟು ಎಂದು ದೇವರ ಮುಂದೆ ಕುಳಿತು ಹಂಚಿಕೊಳ್ಳಿ. ಮಗಳೇ, ನಿನ್ನ ಪಾಲಿಗೆ ಬರದ ಹೊರೆಯನ್ನು ಇಳಿಸುವುದು ಪಾಪವಲ್ಲ.

ಇನ್ನು ನಮ್ಮ ಸಮುದಾಯದ ವಿಷಯಕ್ಕೆ ಬರೋಣ. ತಮಿಳು, ತೆಲುಗು, ಕನ್ನಡ ಮೂರೂ ನಡೆಯುವ ಧರ್ಮಪ್ರಾಂತ್ಯ ನಮ್ಮದು. 2025ರಲ್ಲಿ ಮೂವತ್ತು ತುಂಬುವವರು ಒಂದನೇ ತರಗತಿಗೆ ಸೇರಿದ್ದು 2000ದ ಆಸುಪಾಸಿನಲ್ಲಿ. ತಮಿಳುನಾಡಿನ ಶಾಲೆಗಳಲ್ಲಿ ತಮಿಳನ್ನು ಒಂದನೇ ತರಗತಿಯಿಂದ ಹಂತಹಂತವಾಗಿ ಕಡ್ಡಾಯಗೊಳಿಸಿದ ಕಾಯ್ದೆ ಬಂದದ್ದು 2006ರಲ್ಲಿ. ನಂತರದ ಮಕ್ಕಳು ತಮಿಳು ಚೆನ್ನಾಗಿ ಕಲಿತರು, ಅದು ಒಳ್ಳೆಯದೇ, ನೆರೆಯವರ ಮಾತು ತಿಳಿಯಬೇಕು. ಆದರೆ ಮನೆಯಲ್ಲಿ ಕನ್ನಡ ಆಡುತ್ತಾ ಕನ್ನಡ ಅಕ್ಷರ ಬಾರದ ಮಕ್ಕಳು ಇಂದು ನಮ್ಮ ನಡುವೆ ಇದ್ದಾರೆ. ಹಾಡುಗಳನ್ನು ತಮಿಳು ಅಥವಾ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಹಾಡುತ್ತಾರೆ. ವಾಚನ ಪೀಠಕ್ಕೆ ಹೋಗು ಎಂದರೆ ಹಿಂಜರಿಯುತ್ತಾರೆ.

ಮೂವತ್ತು ತುಂಬಿದವರೇ, ಶಾಲೆಯಲ್ಲಿ ಸಲೀಸಾಗಿ ಕನ್ನಡ ಓದು ಕಲಿತ ಕೊನೆಯ ಸಾಲಿನವರಲ್ಲಿ ನೀವೂ ಇದ್ದೀರಿ. ನಿಮ್ಮ ಹಿರಿಯರಿಗೆ ಕಣ್ಣು ಮಂಜಾಗುತ್ತಿದೆ, ನಿಮ್ಮ ಕಿರಿಯರಿಗೆ ಅಕ್ಷರ ಬರುವುದಿಲ್ಲ. ದೇವರ ವಾಕ್ಯ ನಮ್ಮ ತಾಯಿನುಡಿಯಲ್ಲಿ ಮುಂದಿನ ಊರಿಗೆ ಸಾಗಬೇಕಾದರೆ ನಡುವೆ ಇರುವುದು ನಿಮ್ಮ ಹೆಗಲು. ಭಾನುವಾರ ಬಲಿಪೂಜೆಯ ನಂತರ ಅರ್ಧ ಗಂಟೆ ನಾಲ್ಕು ಮಕ್ಕಳನ್ನು ಕೂರಿಸಿಕೊಂಡು ಆ ದಿನದ ಶುಭಸಂದೇಶವನ್ನು ಬೆರಳಿಟ್ಟು ಓದಿಸಿ. ಅಷ್ಟು ಸಾಕು.

"ನನಗೇ ಓದಲು ಸರಿಯಾಗಿ ಬರುವುದಿಲ್ಲ, ಈ ವಯಸ್ಸಿನಲ್ಲಿ ಏನು ಕಲಿಯುವುದು" ಎನ್ನುವವರಿಗೆ ಲೊಯೋಲದ ಸಂತ ಇಗ್ನಾಸಿಯವರು ಇದ್ದಾರೆ. 1521ರಲ್ಲಿ ಪಾಂಪ್ಲೋನಾದ ಕೋಟೆಯಲ್ಲಿ ಫಿರಂಗಿಯ ಗುಂಡಿಗೆ ಕಾಲು ಮುರಿದಾಗ ಅವರಿಗೆ ಸುಮಾರು ಮೂವತ್ತು. ವೀರನೆನಿಸಿಕೊಳ್ಳುವ ಕನಸು ಅಲ್ಲಿಗೆ ಮುಗಿಯಿತು. ಕೆಲವು ವರ್ಷಗಳ ನಂತರ, ಆತ್ಮಗಳಿಗೆ ನೆರವಾಗಲು ಓದು ಬೇಕೆಂದು ಅರಿತು, ಬಾರ್ಸಿಲೋನಾದಲ್ಲಿ ಚಿಕ್ಕ ಹುಡುಗರ ಜೊತೆ ಕುಳಿತು ಲ್ಯಾಟಿನ್ ವ್ಯಾಕರಣ ಕಲಿತರು. ಆ ಮಕ್ಕಳ ನಡುವೆ ಕೂರಲು ಅವರಿಗೆ ನಾಚಿಕೆಯಾಗಲಿಲ್ಲ.

ಹಿರಿಯರಿಗೂ ಒಂದು ಕೋರಿಕೆ. ಯುವಜನ ಸಂಘದ ವಯಸ್ಸು ದಾಟಿದವರನ್ನು, ಅದರಲ್ಲೂ ಮದುವೆಯಾಗದವರನ್ನು, ನಾವು ಎಲ್ಲೂ ಸೇರಿಸದೆ ಬಿಟ್ಟುಬಿಡುತ್ತೇವೆ. ಅತ್ತ ಯುವಜನರೂ ಅಲ್ಲ, ಇತ್ತ ದಂಪತಿಗಳೂ ಅಲ್ಲ. ಹಬ್ಬ ಬಂದರೆ ಕುರ್ಚಿ ಹೊರಲು, ಲೈಟು ಕಟ್ಟಲು ಕರೆಯುತ್ತೇವೆ, ಹಬ್ಬದ ಖರ್ಚಿನ ಲೆಕ್ಕಕ್ಕೆ ಕರೆಯುವುದಿಲ್ಲ. ಪಾಲನಾ ಸಮಿತಿಯಲ್ಲಿ, ವಾಚಕರ ಪಟ್ಟಿಯಲ್ಲಿ, ಧರ್ಮೋಪದೇಶದಲ್ಲಿ ಅವರಿಗೆ ಜಾಗ ಕೊಡಿ, ಮಾತೂ ಕೊಡಿ. ಬಲಿಪೂಜೆ ಮುಗಿಸಿ ಹೊರಬಂದವರನ್ನು ದೇವಾಲಯದ ಅಂಗಳದಲ್ಲಿ "ಇನ್ನೂ ಆಗಿಲ್ಲವೇ?" ಎಂದು ಕೇಳಬೇಡಿ. ಆ ಒಂದು ಪ್ರಶ್ನೆಗೆ ಹೆದರಿ ಪೂಜೆಗೆ ಬರುವುದನ್ನೇ ಬಿಟ್ಟವರಿದ್ದಾರೆ. ದೇವರು ಮೆಚ್ಚಿದವರಿಗೆ ನಾವು ಕೊರತೆಯ ಪಟ್ಟಿ ಓದುವುದು ಸಲ್ಲದು.

2025 ಜೂಬಿಲಿ ವರ್ಷ. ಭರವಸೆಯ ಯಾತ್ರಿಕರಾಗಿರಿ ಎಂದು ಧರ್ಮಸಭೆ ನಮ್ಮನ್ನು ಕರೆದಿದೆ. ಯಾತ್ರೆಯಲ್ಲಿ ಮೂವತ್ತು ಒಂದು ತಂಗುದಾಣ. ಸ್ವಲ್ಪ ಹೊತ್ತು ಕುಳಿತು ಹಿಂದೆ ನೋಡಿ ಕಣ್ಣು ಒದ್ದೆಯಾದರೆ ತಪ್ಪಿಲ್ಲ. ಆಮೇಲೆ ಎದ್ದು ಹೆಗಲು ಕೊಡಿ.

ಪ್ರಾರ್ಥಿಸೋಣ: ಸ್ವರ್ಗದಲ್ಲಿರುವ ತಂದೆಯೇ, ನಿಮ್ಮ ಪುತ್ರರಾದ ಯೇಸುಕ್ರಿಸ್ತರು ಸುಮಾರು ಮೂವತ್ತು ವರ್ಷದವರಾಗಿ ಜೋರ್ಡನ್ ನದಿಯಲ್ಲಿ ನಿಂತಾಗ ನೀವು ಅವರನ್ನು ಮೆಚ್ಚಿ ನುಡಿದಿರಿ. ಮೂವತ್ತು ತುಂಬುವ ನಮ್ಮ ಮಕ್ಕಳಿಗೂ ಆ ಧ್ವನಿ ಕೇಳಿಸಲಿ. ಕಳೆದ ವರ್ಷಗಳ ನೋವನ್ನು ಗುಣಪಡಿಸಿರಿ. ಅತಿ ಹೊರೆ ಹೊತ್ತವರಿಗೆ ಜೊತೆಗಾರರನ್ನು ಕೊಡಿರಿ, ಬರಿ ಹೆಗಲಿನವರಿಗೆ ಹೊರಲು ತಕ್ಕ ಪವಿತ್ರ ಕಾರ್ಯವನ್ನು ಕೊಡಿರಿ. ನಮ್ಮ ಪ್ರಭು ಕ್ರಿಸ್ತರ ಮುಖಾಂತರ ಬೇಡುತ್ತೇವೆ. ಆಮೆನ್.