ಕಾಯದ ಕಾಪೂ ದಾಸೋಹವೇ



ದಾಸೋಹವೆಂದೊಡನೆ ನಮ್ಮ ಕಣ್ಣ ಮುಂದೆ ಸುಳಿಯುವುದು ಅನ್ನದ ಪಂಕ್ತಿ. ಅದು ಯುಕ್ತವೇ. ಆದರೆ ಹನ್ನೆರಡನೆಯ ಶತಮಾನದ ಶರಣಗಣದಲ್ಲಿ ವೈದ್ಯ ಸಂಗಣ್ಣನೆಂಬವನೊಬ್ಬನಿದ್ದುದನ್ನು ನಾವು ಮರೆಯುತ್ತೇವೆ. ಚಿಕಿತ್ಸೆಯೇ ಅವನ ಕಾಯಕ. ಕಾಯವೇ ಬಿದ್ದ ಬಳಿಕ ಲಿಂಗಪೂಜೆಗೆ ಕರವೆಲ್ಲಿ?

ಕನಕಪುರ ತಾಲ್ಲೂಕಿನ ಕೋಡಿಹಳ್ಳಿ ಹೋಬಳಿಯನ್ನು ನೋಡಿರಿ. ಕಾಡಂಚಿನ ಊರುಗಳು, ರಾಗಿಯ ಹೊಲಗಳು, ಹಿಪ್ಪುನೇರಳೆಯ ತೋಟಗಳು. ನಸುಕಿನಲ್ಲಿ ಸೊಪ್ಪು ಕೊಯ್ಯಲು ಹೋದವರಿಗೆ ಹಾವಿನ ಭಯ ಕಲ್ಪಿತವಲ್ಲ. ನಾನು ಉಪಾಧ್ಯಾಯನಾದ ಹೊಸದರಲ್ಲಿ ವಿದ್ಯಾರ್ಥಿಯೊಬ್ಬನ ತಂದೆಗೆ ರಾತ್ರಿ ಹಾವು ಕಚ್ಚಿತು. ಮಂತ್ರಿಸುವವರು ಬಂದರು, ಕಾಲಿಗೆ ಹಗ್ಗ ಬಿಗಿದರು, ಬೆಳಗಾದ ಮೇಲೆ ಬಸ್ಸಿಗೆ ಒಯ್ಯೋಣವೆಂದರು. ಶಾಸ್ತ್ರಗಳನ್ನೋದಿದ ನಾನೂ ಅಲ್ಲಿ ಕುಳಿತು ಪಂಚಾಕ್ಷರಿಯನ್ನು ಜಪಿಸಿದೆನೇ ಹೊರತು, ವಾಹನವನ್ನು ಹುಡುಕಿರೆಂದು ಹೇಳಲಿಲ್ಲ. ಬೆಳಗಾಗುವಷ್ಟರಲ್ಲಿ ಬಸ್ಸಿನ ಅಗತ್ಯವೇ ಉಳಿದಿರಲಿಲ್ಲ. ಆ ಬಾಲಕನು ಮರುವಾರ ಶಾಲೆಗೆ ಬಂದಾಗ ಅವನ ಮುಖವನ್ನು ನೋಡಲು ನನಗೆ ಧೈರ್ಯ ಸಾಲಲಿಲ್ಲ.

ಮಂತ್ರದಿಂದ ಬದುಕಿದವರೂ ಉಂಟಲ್ಲ ಎನ್ನುವಿರಿ. ಕಚ್ಚುವ ಹಾವುಗಳಲ್ಲಿ ಬಹುಪಾಲು ವಿಷರಹಿತ. ವಿಷದ ಹಾವೂ ಕೆಲವೊಮ್ಮೆ ವಿಷವನ್ನಿಳಿಸದೆ ಕಚ್ಚುವುದು. ಅಂಥವರು ಹೇಗೂ ಬದುಕುವರು, ಕೀರ್ತಿ ಮಾತ್ರ ಮಂತ್ರಕ್ಕೆ! ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ಆಸ್ಪತ್ರೆಯ ಪ್ರತಿವಿಷದ ಚುಚ್ಚುಮದ್ದೇ ಮದ್ದು. ಕೊಯ್ಯಬಾರದು, ಬಿಗಿಯಬಾರದು, ಹೀರಬಾರದು. ಕಚ್ಚಿದ ಅಂಗವನ್ನು ಅಲುಗದಂತಿರಿಸಿ ಕೂಡಲೇ ಒಯ್ಯಬೇಕು.

ಒಯ್ಯುವುದೆಲ್ಲಿಗೆ? ಪ್ರಾಥಮಿಕ ಆರೋಗ್ಯ ಕೇಂದ್ರಗಳ ಯೋಜನೆಯನ್ನು ಭೋರ್ ಸಮಿತಿಯು 1946ರಲ್ಲಿಯೇ ಮುಂದಿಟ್ಟಿತು. ಬಯಲುಸೀಮೆಯಲ್ಲಿ 30,000 ಜನರಿಗೆ, ಗುಡ್ಡಗಾಡಿನಲ್ಲಿ 20,000 ಜನರಿಗೆ ಒಂದು ಕೇಂದ್ರವೆಂಬುದು ಸರಕಾರದ ಮಾನದಂಡ. ಈ ಲೆಕ್ಕವು ತಲೆಗಳನ್ನೆಣಿಸುವುದು, ರಾತ್ರಿಯ ದಾರಿಯನ್ನೆಣಿಸದು. 108ರ ವಾಹನಸೇವೆ ನಮ್ಮ ರಾಜ್ಯಕ್ಕೆ 2008ರಲ್ಲಿ ಬಂದಿತು. 2024ರಲ್ಲಿ ಸರಕಾರವು ಹಾವುಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ವರದಿಮಾಡಲೇಬೇಕೆಂದು ವಿಧಿಸಿತು. ಎಲ್ಲಿ ಎಷ್ಟು ಮದ್ದು ಬೇಕೆಂಬುದು ಇದರಿಂದ ತಿಳಿಯುವುದು. ಆದುದರಿಂದ ಕಡಿತವನ್ನು ಮನೆಯಲ್ಲಿ ಮುಚ್ಚಿಡುವುದು ನೆರೆಯವನಿಗೂ ದ್ರೋಹವೇ.

ಮಠದ ಜಾತ್ರೆಗೆ ಟ್ರ್ಯಾಕ್ಟರುಗಳನ್ನು ಕಳುಹಿಸುವ ಭಕ್ತರು ಊರಿನಲ್ಲಿ ರಾತ್ರಿಗೊಂದು ವಾಹನವನ್ನು ಸರದಿಯಂತೆ ಮೀಸಲಿಡಲಾರರೆ? ದಾದಿಯೊಬ್ಬಳು ಊರಿನಲ್ಲಿಯೇ ತಂಗಲು ಮನೆಯೊಂದನ್ನು ಕೊಡಲಾರರೆ? ಬರುವ ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳಿರಿ: ನಮ್ಮ ಸಮೀಪದ ಕೇಂದ್ರದಲ್ಲಿ ಪ್ರತಿವಿಷ ಇದೆಯೆ, ರಾತ್ರಿ ಅದನ್ನು ಕೊಡಬಲ್ಲವರು ಯಾರು? ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಯಿಸಿಯೇ ಮನೆಗೆ ಹೋಗಿರಿ.